ಉತಾರ ಇಲ್ಲದ ಹೊಲ

ಲೋಕಾಪುರದ ಹೊರಗೆ, ಸುಣ್ಣದಕಲ್ಲಿನ ಖಣಿಯೊಳಗೆ ಇಳಿಯುವ ದಾರಿಯಲ್ಲಿ ನಿಂತಿದ್ದೀರಿ. ಮುಂಜಾನೆ ಎಂಟಾಗಿಲ್ಲ, ಬಿಸಿಲು ಆಗಲೇ ಕಣ್ಣಿಗೆ ಹೊಡೆಯುತ್ತಿದೆ. ಹಂತ ಹಂತವಾಗಿ ಕಡಿದಿಳಿದ ಬೂದು ಗೋಡೆ. ಅದರ ಬುಡದಲ್ಲಿ ಟಿಪ್ಪರೊಂದು ಪೀಂ ಪೀಂ ಎಂದು ಒದರುತ್ತ ಹಿಂದಕ್ಕೆ ಬರುತ್ತಿದೆ. ಪಾಳಿ ಮುಗಿಸಿ ಚಹಾ ಕುಡಿಯುತ್ತಿದ್ದ ಡ್ರೈವರ್ ಒಬ್ಬ ನಿಮ್ಮ ಚಪ್ಪಲಿ ನೋಡಿ ನಗುತ್ತಾನೆ. "ಕಾಲ ಮ್ಯಾಲ ಕಲ್ಲ ಬಿದ್ರ ಏನ್ ಮಾಡ್ತೀರಿ ಸರ? ಹಿಂದ ಸರೀರಿ."

ಸರಿಯುವ ಮುಂಚೆ ಪಕ್ಕದ ಗೋಡೆಯನ್ನು ಒಮ್ಮೆ ಅಂಗೈಯಿಂದ ಮುಟ್ಟಿ. ರಾತ್ರಿಯ ತಂಪು ಇನ್ನೂ ಕಲ್ಲಿನಲ್ಲಿದೆ. ತೆಳ್ಳನೆಯ ಪದರಿನ ಮೇಲೆ ತೆಳ್ಳನೆಯ ಪದರು. ನೀವು ಮುಟ್ಟಿದ್ದು ಸಮುದ್ರದ ತಳ. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಕಡಲಿತ್ತು. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ಕುದುರೆ ಮೇಲೆ ಸುತ್ತಿ, ಈ ಶಿಲೆಗಳಿಗೆ ಕಲಾದಗಿಯ ಹೆಸರನ್ನೇ ಇಟ್ಟ. ದಾಳಿಂಬೆ, ಚಿಕ್ಕುವಿಗೆ ಹೆಸರಾದ ಅದೇ ನಮ್ಮ ಕಲಾದಗಿ. ಈ ಪಟ್ಟಿಯ ಕಲ್ಲುಗಳಲ್ಲಿ ಅಲ್ಲಲ್ಲಿ ಬಾಗಿದ, ಒಂದರ ಮೇಲೊಂದು ಕೂತ ಗೆರೆಗಳು ಕಾಣುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಕಡಲ ತಳದಲ್ಲಿ ಪಾಚಿಯ ಚಾಪೆ ಹಾಸಿ, ಅದರ ಮೇಲೆ ಸುಣ್ಣ ಕೂಡಿ, ಮತ್ತೆ ಚಾಪೆ ಹಾಸಿ ಬಿಟ್ಟುಹೋದ ಗುರುತು. ಸ್ಟ್ರೊಮಾಟೊಲೈಟ್ ಅಂತಾರೆ. ಮೀನು ಹುಟ್ಟುವುದಕ್ಕೂ ಎಷ್ಟೋ ಮುಂಚಿನ ಮಾತು.

ಆ ಕಡಲನ್ನು ನಾವು ದಿನಾ ಕಡಿಯುತ್ತೇವೆ. ಬಾಗಲಕೋಟೆಯ ಹಳೆಯ ಸಿಮೆಂಟ್ ಕಾರ್ಖಾನೆ ಅದರ ಮೇಲೆಯೇ ನಿಂತಿತು; 2009ರಲ್ಲಿ ಮುಧೋಳ ತಾಲ್ಲೂಕಿನ ಮುದ್ದಾಪುರದಲ್ಲಿ ಅದಕ್ಕಿಂತ ದೊಡ್ಡದು ಬಂತು. ಸಕ್ಕರೆ ಕಾರ್ಖಾನೆಯವರು ಕಬ್ಬಿನ ರಸ ತಿಳಿಯಾಗಲಿ ಎಂದು ಸುಣ್ಣದ ಹಾಲು ಹಾಕುತ್ತಾರೆ, ಮಹಾಲಿಂಗಪುರದ ಬೆಲ್ಲದ ಕೊಪ್ಪರಿಗೆಗೂ ಸುಣ್ಣ ಬೀಳುತ್ತದೆ. ರಬಕವಿಯಲ್ಲಿ ನಿಮ್ಮ ಮಗ್ಗದ ಮನೆಯ ಗೋಡೆಯಲ್ಲಿ, ತಾರಸಿಯಲ್ಲಿ ಇರುವುದು ಇದೇ. ಗಣಿ ಬೇಡ ಎನ್ನುವವನು ಮೊದಲು ತನ್ನ ಮನೆಯಿಂದ ಹೊರಗೆ ಬಂದು ನಿಂತು ಮಾತಾಡಬೇಕಾಗುತ್ತದೆ.

ಸತ್ತ ಕಡಲನ್ನು ಕಡಿದರೆ ಕೇಳುವವರು ಕಡಿಮೆ. ಸುತ್ತಲಿನ ಹೊಲದವರು ಹುಡಿಯ ಬಗ್ಗೆ, ಬ್ಲಾಸ್ಟಿಂಗಿಗೆ ಬಿರಿದ ಗೋಡೆಯ ಬಗ್ಗೆ ಕೇಳುತ್ತಾರೆ, ಕೇಳಲೇಬೇಕು. ಬೀಳಗಿ ಮುಧೋಳದ ಗಡಿಯ ಯಡಹಳ್ಳಿಯ ಕುರುಚಲಲ್ಲಿ ಚಿಂಕಾರಗಳಿವೆ, ಅವುಗಳ ಪರವಾಗಿ 2016ರಲ್ಲಿ ಒಂದು ವನ್ಯಜೀವಿಧಾಮವಾಯಿತು. ಆದರೆ ಆ ಕಡಲಿನ ಪರವಾಗಿ ಯಾರೂ ಇಲ್ಲ. ಇರಬೇಕಾಗಿಯೂ ಇಲ್ಲ. ಈಗ ನೀವು ಹೋಗಬೇಕಾದದ್ದು ಇನ್ನೂ ಉಸಿರಾಡುತ್ತಿರುವ ಕಡಲಿನ ಕಡೆಗೆ.

ಬಸ್ಸು. ರಾಮದುರ್ಗ, ಸವದತ್ತಿ, ಧಾರವಾಡ, ಹುಬ್ಬಳ್ಳಿ. ಕಲಘಟಗಿ ದಾಟಿದ ಮೇಲೆ ಕಿಟಕಿಯ ಗಾಳಿಗೆ ಹಸಿ ವಾಸನೆ ಬರುತ್ತದೆ. ಯಲ್ಲಾಪುರದಲ್ಲಿ ಚಹಾ. ಆಮೇಲೆ ಅರಬೈಲ ಘಟ್ಟ. ಬಸ್ಸು ಮೂಗು ಕೆಳಗೆ ಮಾಡಿ ಇಳಿಯುತ್ತದೆ, ನಿಮ್ಮ ಹಿಂದಿನ ಸೀಟಿನ ಹುಡುಗಿ ವಾಂತಿಗೆ ಕವರ್ ಹುಡುಕುತ್ತಾಳೆ. ಡ್ರೈವರಿನ ಪಕ್ಕ ಕೂತ ಹಿರಿಯ ಕಂಡಕ್ಟರ್ ತನ್ನಷ್ಟಕ್ಕೇ ಶುರು ಮಾಡುತ್ತಾನೆ: "ಆಗ ಈ ಘಟ್ಟ ಹತ್ತಾಕ ಒಂದ್ ದಿನಾನೂ ಹಿಡದೈತ್ರಿ. ಲಾರಿ, ಲಾರಿ, ಬರೇ ಲಾರಿ. ಗಿಡದ ಎಲಿ ಸೈತ ಕೆಂಪ."

ಅವನು ಹೇಳುತ್ತಿರುವುದು 2008, 2009ರ ಸುಮಾರಿನ ಕತೆ. ಸಂಡೂರು ಹೊಸಪೇಟೆಯ ಅದಿರು ಚೀನಾಕ್ಕೆ ಹೋಗುತ್ತಿದ್ದ ಕಾಲ. ಗದಗ, ಹುಬ್ಬಳ್ಳಿ, ಇದೇ ಘಟ್ಟ, ಆಮೇಲೆ ಅಂಕೋಲೆಯ ಪಕ್ಕದ ಬೇಲೇಕೇರಿ. ಬೇಲೇಕೇರಿಗೆ ಹೋಗಿ ನಿಂತರೆ ಅದು ಅಂಥ ದೊಡ್ಡ ಬಂದರೇನೂ ಅಲ್ಲ. ಹಡಗು ಒಳಗೆ ಬರುವಷ್ಟು ಆಳವಿಲ್ಲ, ಬಾರ್ಜುಗಳಲ್ಲಿ ಅದಿರು ತುಂಬಿ ದೂರದಲ್ಲಿ ಲಂಗರು ಹಾಕಿದ ಹಡಗಿಗೆ ಸುರಿಯುತ್ತಿದ್ದರು. ದಂಡೆಯ ಮೇಲೆ ಅದಿರಿನ ಗುಡ್ಡಗಳು. ಗಾಳಿ ಬಂದರೆ ಹುಡಿ ನೀರಿಗೆ, ಮಳೆ ಬಂದರೆ ಕೆಂಪು ನೀರು ನೀರಿಗೆ. 2010ರಲ್ಲಿ ಅರಣ್ಯ ಇಲಾಖೆ ಇಲ್ಲಿ ಸುಮಾರು 8 ಲಕ್ಷ ಟನ್ ಅದಿರು ಜಪ್ತಿ ಮಾಡಿತು. ಜಪ್ತಿಯಾದ ಮಾಲಿನ ದೊಡ್ಡ ಪಾಲು ಕೆಲವೇ ತಿಂಗಳಲ್ಲಿ ಹಡಗು ಹತ್ತಿ ಹೋಗಿತ್ತು. ಜಪ್ತಿ ಮಾಡಿದ ಅಧಿಕಾರಿಯ ಅಮಾನತಿಗೆ ಬೇಸತ್ತು ಲೋಕಾಯುಕ್ತ ಸಂತೋಷ್ ಹೆಗ್ಡೆ ಆ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಆಮೇಲೆ ಹಿಂತೆಗೆದುಕೊಂಡರು. ಜುಲೈನಲ್ಲಿ ಅದಿರು ರಫ್ತು ನಿಂತಿತು. ಮರುವರ್ಷ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು. ರಫ್ತಿಗೆ ಮತ್ತೆ ಅವಕಾಶ ಸಿಕ್ಕಿದ್ದು 2022ರ ಮೇನಲ್ಲಿ, ಅದೇ ಕೋರ್ಟಿನಿಂದ.

ಇಷ್ಟೂ ವರ್ಷ ನಾವು ಓದಿದ್ದು ಕಳ್ಳತನದ ಲೆಕ್ಕ. ಎಷ್ಟು ಟನ್ ಕದ್ದರು, ಬೊಕ್ಕಸಕ್ಕೆ ಎಷ್ಟು ಕೋಟಿ ಹೋಯಿತು. ಅದಿರು ಕಾನೂನು ಪ್ರಕಾರವೇ ಬಂದಿದ್ದರೂ ಬೇಲೇಕೇರಿಯ ನೀರಿಗೆ ಬಿದ್ದ ಹುಡಿ ಅಷ್ಟೇ ಕೆಂಪಾಗಿರುತ್ತಿತ್ತು. ಆ ಲೆಕ್ಕ ಕೇಳಿದವರು ದಂಡೆಯ ಮೀನುಗಾರರು ಮಾತ್ರ.

ಬಸ್ಸು ಬದಲಿಸಿ ದಕ್ಷಿಣಕ್ಕೆ ಬನ್ನಿ. ಗೋಕರ್ಣದ ಕ್ರಾಸ್ ದಾಟಿ, ಸಾಣಿಕಟ್ಟೆಯ ಉಪ್ಪಿನ ಗದ್ದೆಗಳ ಪಕ್ಕ ಹಾದು, ತದಡಿ. ರಾತ್ರಿ ಅಲ್ಲೇ ಉಳಿಯಿರಿ. ನಾಳೆ ಅಮಾವಾಸ್ಯೆ, ಬೆಳಿಗ್ಗೆ ದೊಡ್ಡ ಇಳಿತ.

ಐದೂವರೆಗೆ ಧಕ್ಕೆಯ ಮೇಲೆ ಇದ್ದೀರಿ. ಇನ್ನೂ ಕತ್ತಲು. ಮೀನಿನ ಬುಟ್ಟಿ, ಡೀಸೆಲ್, ಬಲೆಯ ನೈಲಾನ್, ಎಲ್ಲದರ ವಾಸನೆ ಒಟ್ಟಿಗೆ. ದೋಣಿಯಲ್ಲಿ ಆರು ಹೆಂಗಸರು, ಇಬ್ಬರು ಗಂಡಸರು, ಮಧ್ಯದಲ್ಲಿ ನೀವು. ಹೆಂಗಸರ ಸೀರೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿದೆ, ತಲೆಗೆ ಟವೆಲ್ ಸುತ್ತಿದೆ. ಅಂಬಿಗರ ಅಜ್ಜಿಯೊಬ್ಬಳು ನಿಮ್ಮ ಪ್ಯಾಂಟು ನೋಡಿ, "ಮಡಚ್ಕ ತಮಾ, ಇಲ್ಲಾ ಅದ್ರ ಆಸೆ ಬಿಡು" ಅನ್ನುತ್ತಾಳೆ.

ಹುಟ್ಟು ಹಾಕುವವನು ಹತ್ತು ನಿಮಿಷ ಹಾಕಿ ನಿಲ್ಲಿಸುತ್ತಾನೆ. ನೀರು ಇಳಿಯುತ್ತಿದೆ. ಮೊದಲು ನಿಮಗೆ ಗೊತ್ತಾಗುವುದೇ ಇಲ್ಲ; ದೋಣಿಯ ತಳ ಕರ್ ಎಂದು ಉಜ್ಜಿದಾಗ ಗೊತ್ತಾಗುತ್ತದೆ. ಪೂರ್ವದಲ್ಲಿ ಮಿರ್ಜಾನದ ಕಡೆ ಬೆಳಕು ಹರಿದಂತೆ ನಡುನೀರಿನಲ್ಲಿ ಒಂದು ಬೆನ್ನು ಮೇಲೇಳುತ್ತದೆ, ಅದರಾಚೆ ಇನ್ನೊಂದು. ಅರ್ಧ ಗಂಟೆಯ ಹಿಂದೆ ದೋಣಿ ಹೋಗುತ್ತಿದ್ದಲ್ಲಿ ಈಗ ಎಕರೆಗಟ್ಟಲೆ ಕೆಸರು, ಮರಳು, ಹೊಳೆಯುವ ಕುಣಿಗಳು. ಹೆಂಗಸರು ಮಾತಿಲ್ಲದೆ ಇಳಿದು ಚದುರುತ್ತಾರೆ.

ಇಳಿಯಿರಿ. ಕಾಲು ಮೊದಲು ತಣ್ಣಗಾಗುತ್ತದೆ, ಆಮೇಲೆ ಹೂತುಹೋಗುತ್ತದೆ. ಅಜ್ಜಿ ನಡೆಯುತ್ತಿಲ್ಲ, ಒಂದೇ ಕಡೆ ನಿಂತು ಹಿಮ್ಮಡಿ ತಿರುಗಿಸುತ್ತಿದ್ದಾಳೆ. "ನೋಡೂದಲ್ಲ, ತುಳ್ಯೂದು. ಕಾಲಿಗೇ ಕಣ್ಣಿರ್ಬೇಕು." ನೀವೂ ತುಳಿಯುತ್ತೀರಿ. ಕಲ್ಲು, ಕೆಸರು, ಕಡ್ಡಿ, ಮತ್ತೆ ಕಲ್ಲು. ಆಮೇಲೆ ಹಿಮ್ಮಡಿಯ ಕೆಳಗೆ ದುಂಡನೆಯದೊಂದು ಸಿಕ್ಕಿ, ಸ್ವಲ್ಪ ಜಾರಿ, ನಿಲ್ಲುತ್ತದೆ. ಬಗ್ಗಿ ಮೊಣಕೈವರೆಗೆ ಕೈ ಹಾಕಿ ಎತ್ತಿದರೆ ಬಳಚು: ಹಳದಿ ಮಿಶ್ರಿತ ಕಂದು ಚಿಪ್ಪು, ಮೈಮೇಲೆ ಸಾಲು ಸಾಲು ಉಬ್ಬುಗೆರೆ. ಬಿಗಿಯಾಗಿ ಮುಚ್ಚಿಕೊಳ್ಳುವ ಮೊದಲು ನಿಮ್ಮ ಅಂಗೈ ಮೇಲೆ ಚಿಟಿಕೆಯಷ್ಟು ನೀರು ಉಗುಳುತ್ತದೆ.

ಈಗ ಕಣ್ಣಿಗೂ ಕಾಣತೊಡಗುತ್ತದೆ. ಒದ್ದೆ ಮರಳಿನ ಮೇಲೆ ಜೋಡಿ ಜೋಡಿ ಸಣ್ಣ ತೂತು. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ಭರತ ಬಂದಾಗ ಈ ಕೆಸರಿನೊಳಗಿನ ಬಳಚೆಲ್ಲ ನೀರನ್ನು ಸೋಸುತ್ತ ಇರುತ್ತವೆ, ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳೇ ಅವುಗಳ ಊಟ. ಅದೇ ನೀರಿಗೆ ಅದಿರಿನ ಹುಡಿಯೋ ಹೂಳೆತ್ತಿದ ರಾಡಿಯೋ ಬಂದರೆ ಅದನ್ನೂ ಸೋಸಲೇಬೇಕು. ಎದ್ದು ಬೇರೆ ಕಡೆ ಹೋಗುವ ಕಾಲು ಅವಕ್ಕಿಲ್ಲ. ಕಿವಿರು ಕಟ್ಟಿ ಅಲ್ಲೇ ಸಾಯುತ್ತವೆ. ಮರಿಗಳು ಕೂರುವುದಕ್ಕೂ ಎಂಥ ಮರಳು, ಎಷ್ಟು ಕೆಸರು, ನೀರಿನಲ್ಲಿ ಎಷ್ಟು ಉಪ್ಪು ಎನ್ನುವ ಲೆಕ್ಕವಿದೆ. ಅಳಿವೆಯ ಬಾಯನ್ನು ಹಡಗಿಗೆ ಬೇಕಾದಷ್ಟು ಆಳ ಮಾಡಿದರೆ ಉಪ್ಪುನೀರು ಇನ್ನಷ್ಟು ಮೇಲಕ್ಕೆ ಹೋಗುತ್ತದೆ, ಮರಳು ದಿಕ್ಕು ಬದಲಿಸುತ್ತದೆ, ಆ ಲೆಕ್ಕ ತಪ್ಪುತ್ತದೆ.

ಅಜ್ಜಿಯ ಕೈಯಲ್ಲಿ ಹಿಡಿಯಷ್ಟು ಚಿಪ್ಪು. ಅರ್ಧಕ್ಕರ್ಧ ಖಾಲಿ. ಖಾಲಿಯವನ್ನು ಬೆರಳಲ್ಲೇ ಗುರುತಿಸಿ ಬಿಡುತ್ತಾಳೆ. ತುಂಬಿದವುಗಳಲ್ಲಿ ಸಣ್ಣವನ್ನೂ ಬಿಡುತ್ತಾಳೆ. "ಮಕ್ಕೋ" ಅನ್ನುತ್ತಾಳೆ, ಅಷ್ಟೇ. ಉಳಿದದ್ದು ಬುಟ್ಟಿಗೆ.

ಆ ಖಾಲಿ ಚಿಪ್ಪಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಈ ಅಳಿವೆಯ ತಳದಲ್ಲಿ ಎಷ್ಟೋ ತಲೆಮಾರಿನ ಸತ್ತ ಚಿಪ್ಪು ಪದರು ಪದರಾಗಿ ಬಿದ್ದಿದೆ. ಲೋಕಾಪುರದ ಕಲ್ಲು ಯಾವುದರಿಂದ ಆಗಿದೆಯೋ ಇದೂ ಅದರಿಂದಲೇ ಆದದ್ದು. ಸುಟ್ಟರೆ ಒಳ್ಳೆಯ ಸುಣ್ಣ, ಪುಡಿ ಮಾಡಿದರೆ ಕೋಳಿ ಆಹಾರ. ಹೀಗಾಗಿ ಚಿಪ್ಪಿಗೂ ಗಣಿಗಾರಿಕೆ ಬಂತು, ಪರವಾನಗಿ ಬಂತು, ದೋಣಿಗಟ್ಟಲೆ ಎತ್ತಿದರು. ಕಾಗದದ ಮೇಲೆ ಪರವಾನಗಿ ಸತ್ತ ಚಿಪ್ಪಿಗೆ ಮಾತ್ರ. ನೀವು ಈಗ ನಿಂತಿರುವಲ್ಲಿ ಕೈ ಹಾಕಿ ನೋಡಿದ್ದೀರಲ್ಲ, ಬದುಕಿದ್ದು ಸತ್ತಿದ್ದರ ಪಕ್ಕದಲ್ಲೇ, ಒಮ್ಮೊಮ್ಮೆ ಅದರ ಮೇಲೆಯೇ ಇದೆ. ಅಜ್ಜಿಯ ಬೆರಳಿಗೆ ವ್ಯತ್ಯಾಸ ಗೊತ್ತು. ಯಂತ್ರದ ಬಕೆಟ್ಟಿಗೆ ಗೊತ್ತಾಗುವ ಬಗೆ ಯಾವುದು? ಸಾಲದ್ದಕ್ಕೆ, ಸತ್ತ ಚಿಪ್ಪು ಸುಮ್ಮನೆ ಬಿದ್ದಿಲ್ಲ. ಕಲಗ ಎಂಬ ಸಿಂಪಿ ಕೂರುವುದಕ್ಕೆ ಗಟ್ಟಿ ನೆಲೆ ಬೇಕು, ಹಳೆಯ ಚಿಪ್ಪೇ ಆ ನೆಲೆ. ದಿಬ್ಬದ ಮರಳು ಕದಲದ ಹಾಗೆ ಹಿಡಿದಿರುವುದೂ ಅದೇ.

ಲೋಕಾಪುರಕ್ಕೂ ಇಲ್ಲಿಗೂ ಇರುವ ಫರಕು ಇಷ್ಟೇ ಎಂದು ನನಗನ್ನಿಸುತ್ತದೆ. ಅಲ್ಲಿ ಕಡಲು ಪೂರ್ತಿ ಸತ್ತ ಮೇಲೆ ನಾವು ಕಡಿಯಲು ಹೋದೆವು. ಇಲ್ಲಿ ಅರ್ಧ ಬದುಕಿದ್ದಾಗಲೇ ಹೋಗಿದ್ದೇವೆ.

ಏಳೂವರೆ. ಬಿಸಿಲು ಬೆನ್ನಿಗೆ ಬಂದಿದೆ. ಸೊಂಟ ನೆಟ್ಟಗೆ ಮಾಡಿ ಸುತ್ತ ನೋಡಿ. ದಕ್ಷಿಣ ದಂಡೆಯಲ್ಲಿ ಅಘನಾಶಿನಿ ಎಂಬ ಊರು, ಉತ್ತರದಲ್ಲಿ ತದಡಿ. ಒಳಗೆ ಐಗಳಕುರ್ವೆ, ಮಿರ್ಜಾನ, ದಿವಗಿ. ದಂಡೆಗುಂಟ ಕಾಂಡ್ಲದ ಹಸಿರು, ಅದರ ಹಿಂದೆ ಗಜನಿ ಗದ್ದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಬೆಳೆಯುತ್ತಾರೆ, ಉಪ್ಪು ನೀರಿಗೂ ನೆರೆಗೂ ಜಗ್ಗದ ಎತ್ತರದ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಹಿನ್ನೀರು ಬಿಟ್ಟು ಸಿಗಡಿ, ಮೀನು. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಇಲ್ಲಿಗೆ ಬರುವ ಈ ಅಘನಾಶಿನಿ ಹೊಳೆಗೆ ನಡುವೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಹಿಪ್ಪರಗಿ ಬ್ಯಾರೇಜಿಗೂ ಆಲಮಟ್ಟಿಗೂ ನಡುವೆ ನಿಂತ ಕೃಷ್ಣೆಯನ್ನು ನೋಡಿ ಬೆಳೆದ ನಮಗೆ ಹೊಳೆ ಹೀಗೂ ಇರುತ್ತದೆಂದು ನಂಬುವುದು ಕಷ್ಟ.

ತದಡಿಯ ಕಡೆಯ ಆ ಬಯಲು ನೋಡಿ. ಸಾವಿರಕ್ಕೂ ಹೆಚ್ಚು ಎಕರೆಯನ್ನು ಕೈಗಾರಿಕೆಗೆಂದು ಸರ್ಕಾರ ದಶಕಗಳ ಹಿಂದೆಯೇ ಸ್ವಾಧೀನ ಮಾಡಿಕೊಂಡಿತ್ತು. ಅಂದಿನಿಂದ ಆ ಜಾಗಕ್ಕೆ ಒಂದರ ಹಿಂದೊಂದು ಯೋಜನೆ. ಅವುಗಳಲ್ಲಿ ದೊಡ್ಡದು 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ. ಅದನ್ನು ಜನ ತಡೆದರು. ಆಮೇಲೆ ಬಂದದ್ದು ಸರ್ವಋತು ಬಂದರು, ಅದಿರು ಹೊರಗೆ ಹೋಗಲು, ಕಲ್ಲಿದ್ದಲು ಒಳಗೆ ಬರಲು. ಅದೂ ನಿಂತಿತು. ಆ ಗದ್ದಲದ ನಡುವೆಯೇ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡಿ. ಸುಭಾಷ್ ಚಂದ್ರನ್, ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಯಾರೂ ಮಾಡದ ಒಂದು ಕೆಲಸ ಮಾಡಿದರು. ಊರೂರಿಗೆ ಹೋಗಿ ಈ ಬುಟ್ಟಿಗಳನ್ನು ಲೆಕ್ಕ ಹಾಕಿದರು. 2008ರ ಸುಮಾರಿನ ಅವರ ಲೆಕ್ಕದಲ್ಲಿ ಈ ಅಳಿವೆಯಿಂದ ವರ್ಷಕ್ಕೆ 22 ಸಾವಿರ ಟನ್ನಿನಷ್ಟು ಚಿಪ್ಪುಜೀವಿಗಳು ಹೊರಬರುತ್ತಿದ್ದವು, ಬೆಲೆ ಆಗಿನ ದರದಲ್ಲಿ ಸುಮಾರು 5.8 ಕೋಟಿ ರೂಪಾಯಿ, ನೇರವಾಗಿ ಇದರಲ್ಲೇ ದುಡಿಯುವವರು 2,347 ಜನ. ಸಾರು ಮಾಡಿ ಮನೆಯಲ್ಲೇ ಉಂಡದ್ದಕ್ಕೆ ಪೇಟೆಯ ದರ ಕಟ್ಟಿದರೆ ಅದು ಉಂಡವರ ಲೆಕ್ಕವಾಗುವುದಿಲ್ಲ, ಅದು ಬೇರೆ ಮಾತು.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರು ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗದ ಮಾಗಡಿ ಕೆರೆ ಜೊತೆಯಲ್ಲಿ ಸೇರಿದವು. 66ಕ್ಕೂ ಹೆಚ್ಚು ಬಗೆಯ ನೀರಹಕ್ಕಿಗಳು, 43 ಸಾವಿರಕ್ಕೂ ಮೀರಿದ ಎಣಿಕೆ, 6,000ದಿಂದ 7,500 ಕುಟುಂಬಗಳ ಜೀವನ, ಹೀಗೆಲ್ಲ ಸರ್ಕಾರವೇ ಬರೆದುಕೊಂಡಿದೆ. ಅಜ್ಜಿಗೆ ರಾಮ್ಸರ್ ಗೊತ್ತಿಲ್ಲ. "ಬೋರ್ಡ್ ಹಾಕಿರಲ್ಲ, ಅದೇ ಅಲ್ದಾ?" ಅನ್ನುತ್ತಾಳೆ.

ದೋಣಿಯಲ್ಲಿದ್ದ ಇಬ್ಬರು ಗಂಡಸರಲ್ಲಿ ಒಬ್ಬ ಅಜ್ಜಿಯ ಮೊಮ್ಮಗ. ಐಟಿಐ ಓದಿದ್ದಾನೆ. ಆಳದ ನೀರಿನಲ್ಲಿ ಮುಳುಗಿ ಎರಡು ಬುಟ್ಟಿ ತುಂಬಿಸಿ ಬಂದು, ದೋಣಿಯಂಚಿಗೆ ಒರಗಿ ಉಸಿರು ಬಿಡುತ್ತಿದ್ದಾನೆ. ನೀವು ಕೇಳುವ ಮೊದಲೇ ಅವನೇ ಕೇಳುತ್ತಾನೆ. "ನೀವು ಪೇಪರ್‌ನೋರಾ? ಬಂದರು ಬೇಡ ಅಂತ ಬರೀಲಿಕ್ಕೆ ಬಂದ್ರಾ?"

ಬೇಡ ಅನ್ನುತ್ತೀಯಾ ಎಂದು ನೀವು ಕೇಳುತ್ತೀರಿ.

"ನಮ್ಮ ಅವ್ವಿ ಬಗ್ಗಿ ಬಗ್ಗಿ ಸೊಂಟ ಕಳ್ಕಂಡ್ಲು. ನಾನೂ ಅದೇ ಮಾಡೂದಾ? ನನ್ನ ಸಂಗ್ತಿ ಓದ್ದವ್ನು ತೋರಣಗಲ್ಲಲ್ಲಿದ್ದ, ತಿಂಗ್ಳಾ ತಿಂಗ್ಳಾ ಸಂಬ್ಳ. ಬಳಚು ಮೊದ್ಲಿನಷ್ಟು ಇಲ್ಲ. ಅದೂ ಬರೀರಿ." ಸ್ವಲ್ಪ ಸುಮ್ಮನಿದ್ದು, "ಬಂದರು ಬಂದ್ರೆ ನಂಗೆ ಕೆಲ್ಸ ಸಿಕ್ತದೆ ಅಂತ ಯಾರೂ ಬರ್ದು ಕೊಡೂದಿಲ್ಲ, ಅದು ಬೇರೆ" ಅನ್ನುತ್ತಾನೆ.

ಇವನ ಮಾತನ್ನು ಪಕ್ಕಕ್ಕಿಟ್ಟು ಬರೆದರೆ ಪರಿಸರದ ಬರಹ ಸಲೀಸಾಗಿ ಬರೆಯಬಹುದು. ಇಡಬಾರದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಬೇಕು, ಅದು ಹೊರದೇಶದಿಂದ ಕಡಲ ಮೇಲೆಯೇ ಬರಬೇಕು. ಇಂದು ಅದರಲ್ಲಿ ಬಹಳಷ್ಟು ಗೋವಾದ ಮುರ್ಮುಗೋವಾದಲ್ಲಿ ಇಳಿದು ರೈಲಿನಲ್ಲಿ ಘಟ್ಟ ಹತ್ತುತ್ತದೆ. ಅಲ್ಲಿಯವರು ತಮ್ಮ ಕಿಟಕಿಯ ಮೇಲೆ ಕರಿ ಹುಡಿ ಒರೆಸುತ್ತ ಜಗಳಾಡುತ್ತಿದ್ದಾರೆ. ದಾರಿ ಹತ್ತಿರವಾಗಲೆಂದು ಅಂಕೋಲೆಯ ಕೇಣಿಯಲ್ಲಿ ಹೊಸ ಬಂದರು. 2023ರ ನವೆಂಬರಿನಲ್ಲಿ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರಿಗೆ ಸಿಕ್ಕ ಯೋಜನೆ, 4,119 ಕೋಟಿ ರೂಪಾಯಿ, ಆರಂಭದಲ್ಲೇ ವರ್ಷಕ್ಕೆ 3 ಕೋಟಿ ಟನ್. 2025ರಲ್ಲಿ ಕೇಣಿಯ ಮೀನುಗಾರರು, ಹೆಂಗಸರು ಮಕ್ಕಳ ಸಮೇತ, ಬೀದಿಗೂ ಕಡಲಿಗೂ ಇಳಿದರು. ಅಘನಾಶಿನಿಯ ಬಾಯಿಂದ ಕೇಣಿ ದೂರವೇನಲ್ಲ.

3 ಕೋಟಿ ಟನ್ ಒಂದು ತಟ್ಟೆಯಲ್ಲಿ, 22 ಸಾವಿರ ಟನ್ ಇನ್ನೊಂದರಲ್ಲಿ. ಹೀಗೆ ತೂಗಿದರೆ ತೀರ್ಪು ಮೊದಲೇ ಆಗಿಹೋಗಿದೆ, ಸಾರ್ವಜನಿಕ ಅಹವಾಲಿಗೆ ಶಾಮಿಯಾನ ಹಾಕುವುದೇ ದಂಡ. ನಾನು ತೂಗುವುದಾದರೆ ಬೇರೆ ಪ್ರಶ್ನೆ ಕೇಳುತ್ತೇನೆ: ಯಾವುದು ಜಾಗ ಬದಲಿಸಬಲ್ಲದು? ಅದಿರು, ಕಲ್ಲಿದ್ದಲು ಬದಲಿಸಬಲ್ಲವು. ಖರ್ಚು ಹೆಚ್ಚು, ದೂರ ಹೆಚ್ಚು, ಹುಡಿ ಇನ್ನೊಬ್ಬರ ಕಿಟಕಿಗೆ ಬೀಳಬಹುದು, ಅದಕ್ಕೆ ಮುಚ್ಚಿದ ವ್ಯಾಗನ್ನು ಮುಚ್ಚಿದ ಗೋದಾಮಿಗೆ ಹಣ ಸುರಿಯಬೇಕಾಗಬಹುದು. ಆದರೂ ಬದಲಿಸಬಲ್ಲವು. ನಿಮ್ಮ ಹಿಮ್ಮಡಿಗೆ ಸಿಕ್ಕ ಆ ದುಂಡನೆಯದು ಬದಲಿಸಲಾರದು. ಅದಕ್ಕೆ ಈ ಉಪ್ಪೇ ಬೇಕು, ಈ ಮರಳೇ ಬೇಕು.

ಈಗಂತೂ ಗಣಿ ದಂಡೆಯಲ್ಲಿ ನಿಲ್ಲುವುದಿಲ್ಲ, ನೀರೊಳಗೇ ಇಳಿಯಲು ಹೊರಟಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಮೊದಲ ಬಾರಿಗೆ ಕಡಲೊಳಗಿನ 13 ಖನಿಜ ಬ್ಲಾಕುಗಳನ್ನು ಹರಾಜಿಗಿಟ್ಟಿತು: ಕೇರಳದ ಕೊಲ್ಲಂ ಎದುರಿನ ಕಟ್ಟಡದ ಮರಳು ಮೂರು, ಗ್ರೇಟ್ ನಿಕೋಬಾರ್ ಬಳಿಯ ಬಹುಲೋಹದ ಗಂಟು ಮತ್ತು ಪದರು ಏಳು, ಗುಜರಾತಿನ ಎದುರಿನ ಸುಣ್ಣದ ಕೆಸರು ಮೂರು. ಸುಣ್ಣದ ಕೆಸರು ಎಂದರೆ ಕಲ್ಲಾಗುವ ಮುಂಚಿನ ಲೋಕಾಪುರವೇ. 2025ರ ಫೆಬ್ರುವರಿ 27ರಂದು ಕೇರಳದ ಮೀನುಗಾರರು ಬೋಟು ಬಿಡದೆ ಕರಾವಳಿ ಬಂದ್ ಮಾಡಿದರು. ಇನ್ನೂ ಆಳದಲ್ಲಿ, ಹಿಂದೂ ಮಹಾಸಾಗರದ ನಡುವೆ, 75 ಸಾವಿರ ಚದರ ಕಿಲೋಮೀಟರಿನ ಪರಿಶೋಧನೆಯ ಹಕ್ಕು ಭಾರತಕ್ಕಿದೆ. 1981ರ ಜನವರಿ 26ರಂದು ಗವೇಷಣಿ ಎಂಬ ಹಡಗು ಭಾರತಕ್ಕಾಗಿ ಇಂಥ ಮೊದಲ ಗಂಟು ಎತ್ತಿತ್ತು. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರು ಬೆಳೆಯುವ ಗಂಟುಗಳು. ಕೊಲ್ಲಂ ಎದುರಿನ ನೀರಿನಲ್ಲಿ ಕೂಗುವುದಕ್ಕೆ ಮೀನುಗಾರರಾದರೂ ಇದ್ದಾರೆ. ಅಷ್ಟು ಆಳದಲ್ಲಿ ಕೂಗುವವರು ಯಾರು?

ನೀರು ತಿರುಗಿದೆ. ನಿಮ್ಮ ಕಣಕಾಲ ಸುತ್ತ ಮೊದಲು ಒಂದು ಗೆರೆ ನೊರೆ, ಆಮೇಲೆ ತಣ್ಣನೆಯ ಹರಿವು. "ಭರತ ಬಂತು, ಹತ್ತಿ ಹತ್ತಿ" ಎಂದು ಹುಟ್ಟಿನವನು ಕೂಗುತ್ತಾನೆ. ಬುಟ್ಟಿಗಳನ್ನು ಅಲ್ಲೇ ನೀರಲ್ಲಿ ಅದ್ದಿ ಅದ್ದಿ ಕೆಸರು ತೊಳೆದು ದೋಣಿಗೆ ಎತ್ತುತ್ತಾರೆ. ಎತ್ತಲು ಕೈ ಹಾಕಿದರೆ ತೂಕ ಗೊತ್ತಾಗುತ್ತದೆ. ನಿಮ್ಮ ಭುಜ ಒಂದು ಕಡೆ ವಾಲುತ್ತದೆ, ಅಜ್ಜಿ ಅದನ್ನೇ ಸೊಂಟಕ್ಕೆ ಆನಿಸಿ ಸಲೀಸಾಗಿ ಇಡುತ್ತಾಳೆ. ಒಂದಿಷ್ಟು ಕುಮಟೆಯ ಪೇಟೆಗೆ, ಒಳ್ಳೆಯದು ಗೋವಾದ ಗಾಡಿಗೆ.

ವಾಪಸು ಬರುವಾಗ ಅಜ್ಜಿ ಕೇಳುತ್ತಾಳೆ, ನಿನ್ನ ಊರು ಯಾವುದು ತಮಾ. ರಬಕವಿ ಎಂದರೆ ತಿಳಿಯುವುದಿಲ್ಲ. ಬಾಗಲಕೋಟೆ ಅಂದಾಗ ಮುಖ ತಿರುಗಿಸಿ ನೋಡುತ್ತಾಳೆ. "ಮುಳುಗಿದ್ದ ಊರಲ್ದಾ?"

ಹೌದು, ಮುಳುಗಿದ ಊರು. ನಮ್ಮ ಜಿಲ್ಲೆಯವರಿಗೆ ತೂಗುವ ಕೆಲಸ ಹೊಸದಲ್ಲ. ಆಲಮಟ್ಟಿಯ ನೀರು 519.6 ಮೀಟರಿಗೆ ನಿಂತಾಗ ಬಾಗಲಕೋಟೆಯ ಹಳೇ ಓಣಿಗಳು ಹೋದವು; 524.256ಕ್ಕೆ ಏರಿದರೆ ಇನ್ನಷ್ಟು ಹೊಲ ಹೋಗುತ್ತವೆ. ಆ ಹೊಲಗಳಿಗೆ ಎಷ್ಟು ಕೊಡಬೇಕೆಂದು ವರ್ಷಾನುಗಟ್ಟಲೆ ಧರಣಿ, ಪಾದಯಾತ್ರೆ, ಕೋರ್ಟು. ಕೊನೆಗೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ನೀರಾವರಿ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಎಂದಿತು. ಸರಿಯೋ ತಪ್ಪೋ, ಅದು ಒಂದು ಸಂಖ್ಯೆ. ಆ ಸಂಖ್ಯೆ ಬಂದದ್ದು ಉತಾರದಿಂದ. ಸರ್ವೆ ನಂಬರ್ ಇದೆ, ಕಾಲಮ್ಮಿನಲ್ಲಿ ಹೆಸರಿದೆ, ಹೆಸರಿದ್ದವನು ತಹಶೀಲ್ದಾರರ ಕಚೇರಿಯ ಮೆಟ್ಟಿಲು ಹತ್ತಬಹುದು. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವಳ ಹೆಸರು ಯಾವ ಕಾಲಮ್ಮಿನಲ್ಲೂ ಇರಲಿಲ್ಲ, ಅವಳ ಪಾಲು ಏನಾಯಿತೆಂದು ಬೀಳಗಿಯ ಕಡೆ ಹೋಗಿ ಕೇಳಿದರೆ ಹೇಳುತ್ತಾರೆ.

ಇಲ್ಲಿ, ಈ ಕೆಸರಿನಲ್ಲಿ, ಎಲ್ಲರೂ ಅವಳೇ. ದಿನಕ್ಕೆ ಎರಡು ಸಲ ತೇಲಿ ಎರಡು ಸಲ ಮುಳುಗುವ ಈ ಹೊಲ ಸರ್ಕಾರದ್ದು. ಬಿತ್ತುವವರಿಲ್ಲ, ಬೆಳೆಯುತ್ತದೆ, ಬದುವಿಲ್ಲ, ಆದರೂ ಯಾವ ಊರವರು ಎಲ್ಲಿವರೆಗೆ ಎನ್ನುವುದು ಎಲ್ಲರಿಗೂ ಗೊತ್ತು. ನಾಳೆ ಯೋಜನೆ ಬಂದು ಪರಿಹಾರ ಎಂದರೆ ಯಾರ ಹೆಸರಿಗೆ? ಎಕರೆಗೆ ಎಷ್ಟು? ಯಾವ ಎಕರೆ, ಬೆಳಗಿನ ಆರರದ್ದೋ ಮಧ್ಯಾಹ್ನ ಹನ್ನೆರಡರದ್ದೋ? ಯೋಜನಾ ವರದಿಗಳಲ್ಲಿ ಮೀನುಗಾರರ ಎಣಿಕೆಯೆಂದರೆ ಬೋಟಿನ ನೋಂದಣಿ, ಸೊಸೈಟಿಯ ಸದಸ್ಯತ್ವ. ಹಿಮ್ಮಡಿಗೆ ನೋಂದಣಿಯಿಲ್ಲ. ಕೇಣಿಯಲ್ಲಾಗಲಿ ತದಡಿಯಲ್ಲಾಗಲಿ ಮುಂದಿನ ಕಡತ ತೆರೆಯುವ ಮುಂಚೆ ಯಾರಾದರೂ ಒಂದು ವರ್ಷ, ಪ್ರತಿ ಅಮಾವಾಸ್ಯೆ ಹುಣ್ಣಿಮೆಯ ಇಳಿತಕ್ಕೆ, ಇಲ್ಲಿ ಬಂದು ನಿಂತು ತಲೆ ಎಣಿಸಲಿ, ಬುಟ್ಟಿ ಎಣಿಸಲಿ, ಹೆಸರು ಬರೆದುಕೊಳ್ಳಲಿ. ಬಳಚಿನ ಪಾಲಿನ ಟನ್ನು ಆ ಕಡತದಲ್ಲಿ ಬರಲಿ. ಆಮೇಲೆ ಬಂದರು ಬೇಕೋ ಬೇಡವೋ ಎಂದು ಆ ಐಟಿಐ ಹುಡುಗನನ್ನೂ ಕೂರಿಸಿಕೊಂಡು ಜಗಳಾಡೋಣ.

"ದುಡ್ ಕೊಟ್ರಾ ನಿಮ್ಮೂರ್ನೋರಿಗೆ?" ಅಜ್ಜಿ ಬಿಟ್ಟಿಲ್ಲ.

ಉತಾರ ಇದ್ದವರಿಗೆ ಕೊಟ್ಟರು ಅನ್ನುತ್ತೀರಿ. ಉತಾರ ಎಂದರೆ ಆಕೆಗೆ ತಿಳಿಯುವುದಿಲ್ಲ. ಪಹಣಿ, ಆರ್‌ಟಿಸಿ ಎಂದು ಮೊಮ್ಮಗ ಬಿಡಿಸಿ ಹೇಳುತ್ತಾನೆ.

"ಓ, ಅದಾ. ಅದು ಗದ್ದಿಗೆ ಅಲ್ದಾ ಇರೂದು" ಎಂದು ಆಕೆ ಬುಟ್ಟಿಯೊಳಗೆ ಕೈ ಹಾಕಿ, ಬಾಯಿ ತೆರೆದುಕೊಂಡ ಒಂದೆರಡನ್ನು ಆರಿಸಿ ನೀರಿಗೆ ಎಸೆಯುತ್ತಾಳೆ. ಧಕ್ಕೆಯಲ್ಲಿ ಗೋವಾದ ಗಾಡಿಯವನು ಆಗಲೇ ಹಾರ್ನ್ ಹೊಡೆಯುತ್ತಿದ್ದಾನೆ, ಇವತ್ತಿನ ದರ ನಿನ್ನೆಗಿಂತ ಕಡಿಮೆ ಎಂದು ದೋಣಿ ತಾಗುವ ಮುಂಚೆಯೇ ಕೂಗಿ ಹೇಳುತ್ತಾನೆ, ಆರೂ ಹೆಂಗಸರು ಒಟ್ಟಿಗೆ ಬೈಯಲು ಶುರು ಮಾಡುತ್ತಾರೆ.